ನಿಧಾನಕ್ಕೆ ಓಡಿಸುವವರಿಗೆ ಮೈನೋವು ಕೊಡದ ಎಟಿವಿ ಆರಿಸುವುದು ಹೇಗೆ

ನನ್ನ ಹೆಂಡತಿ ಮೊದಲ ದಿನ ಎಟಿವಿಯಿಂದ (ಕಾಡುದಾರಿಯಲ್ಲಿ ಓಡಿಸುವ, ಬೈಕಿನಂಥ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ) ಇಳಿದಾಗ ಏನೂ ಮಾತಾಡಲಿಲ್ಲ. ಗ್ಲೌಸ್ ತೆಗೆದು, ಬಲಗೈ ಹೆಬ್ಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡು ತಿಕ್ಕುತ್ತಾ ನಿಂತಳು. ಒಂದೇ ಗಂಟೆಯ ದಾರಿ. ವೇಗ 20 ಕಿ.ಮೀ. ದಾಟಿರಲಿಲ್ಲ. ಗಾಡಿ ಹೊಸದು, ದೊಡ್ಡದು, ಕೇಳಿದವರೆಲ್ಲ ಹೊಗಳಿದ್ದು. ಆದರೂ ಸೊಂಟ ಹಿಡಿದುಕೊಂಡಿತ್ತು, ಭುಜ ಬಿಗಿದಿತ್ತು, ಹೆಬ್ಬೆರಳು ಮಡಚಲು ಬರುತ್ತಿರಲಿಲ್ಲ. ಅದೆಲ್ಲಕ್ಕಿಂತ ಜಾಸ್ತಿ, ಇದು ಯಾವಾಗ ಮಗುಚಿಕೊಳ್ಳುತ್ತದೋ ಅನ್ನುವ ಭಯ ಅವಳ ಮುಖದಲ್ಲಿತ್ತು.

ಆಮೇಲೆ ಸುಮಾರು ಒಂದೂವರೆ ವರ್ಷ ನಾವಿಬ್ಬರೂ ಸಿಕ್ಕ ಸಿಕ್ಕ ಗಾಡಿ ಹತ್ತಿ ಇಳಿದೆವು. ಸ್ನೇಹಿತರದ್ದು, ಬಾಡಿಗೆಯದ್ದು, ಅಂಗಡಿಯವರು ಓಡಿಸಿ ನೋಡಲು ಕೊಟ್ಟದ್ದು. ಅದರಿಂದ ಒಂದು ವಿಷಯ ಸ್ಪಷ್ಟವಾಯಿತು. ಜಾಗ್ರತೆಯಿಂದ ಓಡಿಸುವವರ ಮೈನೋವಿಗೆ ಅರ್ಧ ಕಾರಣ ಭಯ. ಹೆದರಿದಾಗ ಹ್ಯಾಂಡಲ್ ಬಿಗಿಯಾಗಿ ಹಿಡಿಯುತ್ತೇವೆ, ಮೊಣಕೈ ನೆಟ್ಟಗಾಗುತ್ತದೆ, ಬೆನ್ನು ಸೆಟೆದುಕೊಳ್ಳುತ್ತದೆ, ಆಮೇಲೆ ಚಕ್ರಕ್ಕೆ ಬಿದ್ದ ಪ್ರತಿ ಪೆಟ್ಟೂ ನೇರ ಕುತ್ತಿಗೆಗೆ ಬರುತ್ತದೆ. ಹಾಗಾಗಿ ಬರೀ ಮೆತ್ತನೆಯ ಸೀಟು ಹುಡುಕಿದರೆ ಸಾಲದು. ನಡಿಗೆಯ ವೇಗದಲ್ಲೂ ಹೇಳಿದ ಮಾತು ಕೇಳುವ ಗಾಡಿ ಬೇಕು. ಕೆಳಗೆ ಬರೆದಿರುವುದೆಲ್ಲ ಆ ಲೆಕ್ಕದಲ್ಲಿ.

ಮೊದಲು ಹಿಂದೆ ಹೋಗಿ ಬಗ್ಗಿ ನೋಡಿ

ಅಂಗಡಿಗೆ ಹೋದ ಕೂಡಲೇ ಸೀಟು ಹತ್ತಬೇಡಿ. ಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಎರಡು ಚಕ್ರಗಳ ನಡುವೆ ನೋಡಿ. ಎಡ ಚಕ್ರದಿಂದ ಬಲ ಚಕ್ರದವರೆಗೆ ಒಂದೇ ಗಟ್ಟಿ ಆಕ್ಸಲ್ ಇದ್ದರೆ ಅದು ಸಾಲಿಡ್ ಆಕ್ಸಲ್ ಗಾಡಿ. ಪ್ರತಿ ಚಕ್ರಕ್ಕೂ ಬೇರೆ ತೋಳು, ಬೇರೆ ಶಾಕ್ ಅಬ್ಸಾರ್ಬರ್, ನಡುವಿನಿಂದ ರಬ್ಬರ್ ಬೂಟು ತೊಟ್ಟ ಶಾಫ್ಟ್ ಬಂದಿದ್ದರೆ ಅದು ಇಂಡಿಪೆಂಡೆಂಟ್ ರಿಯರ್ ಸಸ್ಪೆನ್ಷನ್, ಅಂದರೆ ಹಿಂದಿನ ಎರಡು ಚಕ್ರಗಳೂ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುವ ಏರ್ಪಾಡು. ಕಾಗದದಲ್ಲಿ ಐಆರ್‌ಎಸ್ ಅಂತ ಇರುತ್ತದೆ.

ಇದು ಓಡಿಸುವವರ ಬೆನ್ನಿಗೆ ಹೇಗೆ ಗೊತ್ತಾಗುತ್ತದೆ ಅಂದರೆ, ಎಡ ಹಿಂದಿನ ಚಕ್ರ ಒಂದು ಕಲ್ಲು ಹತ್ತಿತು ಅಂದುಕೊಳ್ಳಿ. ಸಾಲಿಡ್ ಆಕ್ಸಲ್ ಗಾಡಿಯಲ್ಲಿ ಆಕ್ಸಲ್ ಪೂರ್ತಿ ಓರೆಯಾಗುತ್ತದೆ, ಅದರ ಜೊತೆ ಸೀಟೂ ಬಲಕ್ಕೆ ವಾಲುತ್ತದೆ, ಸೊಂಟ ಒಂದು ಕಡೆಗೆ ಎತ್ತಿ ಹಾಕಿದಂತಾಗುತ್ತದೆ. ಐಆರ್‌ಎಸ್ ಗಾಡಿಯಲ್ಲಿ ಆ ಒಂದು ಚಕ್ರ ಮೇಲೆದ್ದು ಇಳಿಯುತ್ತದೆ, ಸೀಟು ಅಷ್ಟಾಗಿ ಅಲುಗುವುದಿಲ್ಲ. ಬೇರು, ಕಲ್ಲು, ಮಳೆ ಕೊರೆದ ಕೊರಕಲು ಇರುವ ಕಾಡುದಾರಿಯಲ್ಲಿ ಇಂಥ ಪೆಟ್ಟು ಗಂಟೆಗೆ ನೂರಾರು ಸಲ. 1996ರಲ್ಲಿ ಪೊಲಾರಿಸ್ ಕಂಪನಿಯ ಸ್ಪೋರ್ಟ್ಸ್‌ಮನ್ 500 ಹಿಂದಿನ ಚಕ್ರಗಳಿಗೆ ಈ ಏರ್ಪಾಡು ತಂದಿತು, ಆಮೇಲೆ ಹೆಚ್ಚುಕಡಿಮೆ ಎಲ್ಲ ದೊಡ್ಡ ಕಂಪನಿಗಳೂ ಇದೇ ದಾರಿ ಹಿಡಿದವು. ಹೋಂಡಾ ರಾಂಚರ್ 420 ಎರಡೂ ಬಗೆಯಲ್ಲಿ ಬಂದಿದೆ. ಹಾಗಾಗಿ ಹಳೆಯ ಗಾಡಿ ಕೊಳ್ಳುವವರು ಹೆಸರು ನೋಡಿ ಮೋಸ ಹೋಗಬೇಡಿ, ಬಗ್ಗಿ ನೋಡಿಯೇ ತಿಳಿಯಬೇಕು.

ಚಕ್ರ ಎಷ್ಟು ಮೇಲೆ ಕೆಳಗೆ ಆಡುತ್ತದೆ ಅನ್ನುವುದನ್ನು ಸಸ್ಪೆನ್ಷನ್ ಟ್ರಾವೆಲ್ ಅನ್ನುತ್ತಾರೆ. ಪೊಲಾರಿಸ್ ಸ್ಪೋರ್ಟ್ಸ್‌ಮನ್ 570ರಲ್ಲಿ ಅದು ಮುಂದೆ 8.2 ಇಂಚು, ಹಿಂದೆ 9.5 ಇಂಚು. ನಿಧಾನಕ್ಕೆ ಓಡಿಸುವವರಿಗೆ ಇಷ್ಟು ಧಾರಾಳ ಸಾಕು. 12 ಇಂಚು ಟ್ರಾವೆಲ್ ಅಂತ ಹೆಮ್ಮೆಯಿಂದ ತೋರಿಸುವ ಗಾಡಿಗಳು ವೇಗವಾಗಿ ಹಾರಿಸುವವರಿಗಾಗಿ ಮಾಡಿದ್ದು. ಅದಕ್ಕೆ ಕೊಡುವ ದುಡ್ಡು ನಿಮಗೆ ದಂಡ.

ಇಲ್ಲೊಂದು ಮುಖ್ಯ ಮಾತಿದೆ. ಬಹಳ ಜನ ಇಲ್ಲೇ ಎಡವುತ್ತಾರೆ. ಮೆತ್ತಗಿರುವ ಸಸ್ಪೆನ್ಷನ್ ತಿರುವಿನಲ್ಲಿ, ಅಡ್ಡ ಇಳಿಜಾರಿನಲ್ಲಿ ವಾಲುತ್ತದೆ. ಅನುಭವ ಇದ್ದವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ, ಆದರೆ ಹೆದರಿಕೊಂಡು ಕೂತವರಿಗೆ ಆ ಎರಡು ಬೆರಳಿನಷ್ಟು ವಾಲಿಕೆಯೇ ಪಲ್ಟಿ ಹೊಡೆಯುವ ಸೂಚನೆ ಅನಿಸುತ್ತದೆ. ಅದಕ್ಕೆ ಸ್ಟೆಬಿಲೈಸರ್ ಬಾರ್ ಇದೆಯಾ ಅಂತ ಕೇಳಿ. ಎಡ ಬಲ ಚಕ್ರಗಳ ತೋಳುಗಳನ್ನು ಜೋಡಿಸುವ, ಬಾಗಿಸಿದ ಒಂದು ಕಬ್ಬಿಣದ ಸರಳು ಅದು. ಒಂದು ಕಡೆ ಜಾಸ್ತಿ ಕುಸಿದರೆ ಇನ್ನೊಂದು ಕಡೆಯನ್ನೂ ಎಳೆದು ಗಾಡಿಯನ್ನು ಮಟ್ಟವಾಗಿ ಇಡುತ್ತದೆ. ಪರೀಕ್ಷೆ ಸುಲಭ. ಗಾಡಿಯ ಪಕ್ಕದಲ್ಲಿ ನಿಂತು ಹಿಂದಿನ ರ‍್ಯಾಕ್ ಹಿಡಿದು ಅಡ್ಡಕ್ಕೆ ಎರಡು ಮೂರು ಸಲ ಜೋರಾಗಿ ತಳ್ಳಿ. ತೊಟ್ಟಿಲಿನ ಹಾಗೆ ತೂಗಿದರೆ ಬೇಡ. ಒಂದು ಸಲ ವಾಲಿ ಮತ್ತೆ ತನ್ನ ಜಾಗಕ್ಕೆ ಬಂದು ನಿಂತರೆ ಸರಿ. ಈಗ ಹಿಂದಿನ ರ‍್ಯಾಕನ್ನು ನೆಟ್ಟಗೆ ಕೆಳಕ್ಕೆ ಒತ್ತಿ ಬಿಡಿ. ನಿಧಾನಕ್ಕೆ ಏರಿ ನಿಲ್ಲಬೇಕು, ಕುಣಿಯಬಾರದು.

ಕೂತು ನೋಡುವುದು ಅಂದರೆ ಬರೀ ಕೂರುವುದಲ್ಲ

ಹತ್ತು ನಿಮಿಷ ಸಮಯ ತೆಗೆದುಕೊಳ್ಳಿ. ಅಂಗಡಿಯವರು ಕಾಯಲಿ. ಓಡಿಸುವವರೇ ಕೂರಬೇಕು, ಅವರ ಪರವಾಗಿ ಗಂಡ, ಅಣ್ಣ, ಅಪ್ಪ ಕೂತು ತಲೆಯಾಡಿಸಿದರೆ ಪ್ರಯೋಜನ ಇಲ್ಲ. ನಾನು ಮಾಡಿದ ಮೊದಲ ತಪ್ಪೇ ಅದು.

ದೊಡ್ಡವರ ಎಟಿವಿಗಳಲ್ಲಿ ಸೀಟಿನ ಎತ್ತರ ಸಾಮಾನ್ಯವಾಗಿ 85 ಸೆಂ.ಮೀ. ಆಸುಪಾಸು. ಬೈಕಿನ ಹಾಗೆ ಕಾಲು ನೆಲಕ್ಕೆ ತಾಗಬೇಕು ಅಂತ ಇಲ್ಲ, ಕಾಲು ಕೆಳಗಿಡಲೂ ಬಾರದು. ಎಟಿವಿಯಲ್ಲಿ ಗಾಬರಿಯಾಗಿ ಕಾಲು ನೆಲಕ್ಕೆ ಕೊಟ್ಟರೆ ಹಿಂದಿನ ಚಕ್ರ ಅದರ ಮೇಲೆ ಹತ್ತಬಹುದು. ನೋಡಬೇಕಾದದ್ದು ಪಾದ ಇಡುವ ಜಾಗ. ಪಾದ ಪೂರ್ತಿ ಕೂರಬೇಕು, ಮೊಣಕಾಲು ತೀರಾ ಮಡಚಿಕೊಳ್ಳಬಾರದು. ಪಾದಗಳ ಮೇಲೆ ಭಾರ ಹಾಕಿ ಎದ್ದು ನಿಂತು ಕೂರಿ, ಐದಾರು ಸಲ. ಕಷ್ಟವಿಲ್ಲದೆ ಆಗಬೇಕು. ಯಾಕೆಂದರೆ ದೊಡ್ಡ ಉಬ್ಬು ಬಂದಾಗ ಮೊಣಕಾಲು ಸ್ವಲ್ಪ ಮಡಚಿ ಸೀಟಿನಿಂದ ಏಳುವುದೇ ಬೆನ್ನಿಗೆ ಸಿಗುವ ಅತಿ ಒಳ್ಳೆಯ ಸಸ್ಪೆನ್ಷನ್.

ಸೀಟು ಅಗಲ ಜಾಸ್ತಿ ಇದ್ದಷ್ಟೂ ಆರಾಮ ಅನ್ನುವುದು ತಪ್ಪು ತಿಳುವಳಿಕೆ. ಗಿಡ್ಡ ಇರುವವರಿಗೆ ಅಗಲ ಸೀಟಿನಲ್ಲಿ ತೊಡೆ ತೀರಾ ಹಿಗ್ಗಿ, ಅರ್ಧ ಗಂಟೆಯಲ್ಲಿ ಸೊಂಟದ ಕೀಲು ನೋಯಲು ಶುರುವಾಗುತ್ತದೆ. ಮುಂದೆ ಕಿರಿದಾಗಿ ಹಿಂದೆ ಅಗಲವಾಗುವ ಸೀಟು ಒಳ್ಳೆಯದು.

ಈಗ ಹ್ಯಾಂಡಲ್. ಅದನ್ನು ಎಡಕ್ಕೆ ಪೂರ್ತಿ ತಿರುಗಿಸಿ. ಬಲಗೈ ಎಲ್ಲಿಗೆ ಹೋಯಿತು ನೋಡಿ. ಭುಜ ಮುಂದಕ್ಕೆ ಎಳೆದುಕೊಂಡು, ಮೊಣಕೈ ನೆಟ್ಟಗಾಗಿ, ಹೆಬ್ಬೆರಳು ಥ್ರಾಟಲ್ (ವೇಗ ಕೊಡುವ ಲಿವರ್) ಮೇಲೆ ಜಾರುತ್ತಿದ್ದರೆ ಆ ಗಾಡಿ ನಿಮಗೆ ದೊಡ್ಡದು. ಇಕ್ಕಟ್ಟಾದ ತಿರುವಿನಲ್ಲಿ ಬೇಡದ ಹೊತ್ತಿಗೆ ಗಾಡಿ ಮುಂದಕ್ಕೆ ನುಗ್ಗುವುದು ಹೀಗೇ. ಹ್ಯಾಂಡಲನ್ನು ಸ್ವಲ್ಪ ಹಿಂದಕ್ಕೆ ಬಾಗಿಸಲು, ರೈಸರ್ ಹಾಕಿ ಎತ್ತರಿಸಲು ಸಾಧ್ಯ, ಆದರೆ ಅದರಿಂದ ಸರಿಹೋಗುವುದು ಎರಡು ಮೂರು ಇಂಚು ಮಾತ್ರ.

ಹೆಬ್ಬೆರಳು ಮತ್ತು ಮಣಿಕಟ್ಟು

ಬಹುತೇಕ ಎಟಿವಿಗಳಲ್ಲಿ ವೇಗ ಕೊಡುವುದು ಬಲಗೈ ಹೆಬ್ಬೆರಳಿನಿಂದ. ಮಣಿಕಟ್ಟು ತಿರುಚುವ ಬೈಕಿನ ಥ್ರಾಟಲ್ ಇಲ್ಲಿ ಬಳಸದಿರಲು ಕಾರಣ ಇದೆ. ಗುಂಡಿಗೆ ಇಳಿದಾಗ ಮೈ ಹಿಂದಕ್ಕೆ ಎಳೆದರೆ ಕೈ ತಾನಾಗಿ ತಿರುಚಿ ವೇಗ ಜಾಸ್ತಿಯಾಗುವ ಅಪಾಯ ಹೆಬ್ಬೆರಳಿನ ಥ್ರಾಟಲಿನಲ್ಲಿ ಕಡಿಮೆ. ತೊಂದರೆ ಏನೆಂದರೆ ಅದೊಂದೇ ಸಣ್ಣ ಸ್ನಾಯು ಗಂಟೆಗಟ್ಟಲೆ ಒತ್ತಿಕೊಂಡೇ ಇರಬೇಕು. ಅಂಗಡಿಯಲ್ಲಿ ಗಾಡಿ ಆಫ್ ಇರುವಾಗಲೇ ಥ್ರಾಟಲನ್ನು ಕಾಲು ಭಾಗ ಒತ್ತಿ ಎರಡು ನಿಮಿಷ ಹಾಗೇ ಹಿಡಿದುಕೊಳ್ಳಿ. ಎರಡು ಮೂರು ಗಾಡಿಗಳಲ್ಲಿ ಮಾಡಿದರೆ ಸ್ಪ್ರಿಂಗ್ ಯಾವುದರಲ್ಲಿ ಗಡುಸು, ಯಾವುದರಲ್ಲಿ ಹಗುರ ಅಂತ ಬೆರಳೇ ಹೇಳುತ್ತದೆ. ನನ್ನ ಹೆಂಡತಿಯ ಗಾಡಿಗೆ ಥ್ರಾಟಲ್ ಲಿವರ್ ಮೇಲೆ ಕೂರುವ ಒಂದು ಅಗಲವಾದ ಪಟ್ಟಿ ಹಾಕಿಸಿದೆವು. ಚಿಕ್ಕ ವಸ್ತು, ಬೆರಳಿನ ಬದಲು ಅಂಗೈ ಬುಡದಿಂದಲೂ ಒತ್ತಬಹುದು.

ಪವರ್ ಸ್ಟೀರಿಂಗ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಹಣ ಉಳಿಸಬೇಕಾದರೆ ಬೇರೆ ಎಲ್ಲಾದರೂ ಉಳಿಸಿ, ಇದನ್ನು ಬಿಡಬೇಡಿ. ಯಮಹಾ 2007ರ ಗ್ರಿಜ್ಲಿ 700ರಲ್ಲಿ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ತಂದಿತು. ಅದಕ್ಕೂ ಮುಂಚೆ ಎಲ್ಲರೂ ಬರಿಗೈಯಲ್ಲೇ ಓಡಿಸುತ್ತಿದ್ದರು ಅನ್ನುವುದು ನಿಜ. ಆದರೆ ಅದರ ಕೆಲಸ ಬರೀ ಹ್ಯಾಂಡಲ್ ಹಗುರ ಮಾಡುವುದಲ್ಲ. ಮುಂದಿನ ಚಕ್ರ ಕಲ್ಲಿಗೆ ಬಡಿದಾಗ ಹ್ಯಾಂಡಲ್ ಕೈಯಿಂದ ಕಿತ್ತುಕೊಂಡ ಹಾಗೆ ಒಂದು ಕಡೆ ಎಗರುತ್ತದಲ್ವಾ, ಆ ಏಟನ್ನು ಮೋಟಾರು ತಡೆಯುತ್ತದೆ. ಜಾಗ್ರತೆಯಿಂದ ಓಡಿಸುವವರು ಹ್ಯಾಂಡಲ್ ಬಿಗಿಯಾಗಿ ಹಿಡಿಯಲು ಮುಖ್ಯ ಕಾರಣವೇ ಈ ಎಗರಾಟ. ನಾಲ್ಕು ಚಕ್ರದ ಡ್ರೈವ್ ಹಾಕಿದಾಗ, ಅದರಲ್ಲೂ ಮುಂದಿನ ಡಿಫರೆನ್ಷಿಯಲ್ ಲಾಕ್ ಮಾಡಿದಾಗ (ಮುಂದಿನ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುವಂತೆ ಮಾಡಿದಾಗ) ಹ್ಯಾಂಡಲ್ ತುಂಬಾ ಭಾರವಾಗುತ್ತದೆ. ತೆಳ್ಳಗಿನ ಮೈಕಟ್ಟಿನವರಿಗೆ ಆಗ ಪವರ್ ಸ್ಟೀರಿಂಗ್ ಇಲ್ಲದೆ ಗಾಡಿ ತಿರುಗಿಸುವುದೇ ಕಷ್ಟ.

ಇಂಜಿನ್: ಸಿಸಿಗಿಂತ ಇಳಿಜಾರು ಮುಖ್ಯ

400ರಿಂದ 570 ಸಿಸಿ. ಮನೆಯವರ ಜೊತೆ ಸುತ್ತುವವರಿಗೆ ಇದಕ್ಕಿಂತ ಜಾಸ್ತಿ ಬೇಕಾಗಿಲ್ಲ. ದೊಡ್ಡ ಇಂಜಿನ್ ಗಾಡಿಯ ಥ್ರಾಟಲ್ ಕೂದಲೆಳೆಯಷ್ಟು ಒತ್ತಿದರೂ ಮುಂದಕ್ಕೆ ಜಿಗಿಯುವಂತಿದ್ದರೆ, ಹೊಸಬರಿಗೆ ಅದು ಪ್ರತಿ ತಿರುವಿನಲ್ಲೂ ಎದೆ ಝಲ್ಲೆನಿಸುತ್ತದೆ. ಜೊತೆಗೆ ತೂಕ. ಈ ಅಳತೆಯ ಗಾಡಿಗಳೇ 300 ಕಿಲೋ ಸುತ್ತಮುತ್ತ ತೂಗುತ್ತವೆ. ತೂಕ ಇದ್ದರೆ ದಾರಿಯಲ್ಲಿ ಕದಲದೆ ಓಡುತ್ತದೆ ಅನ್ನುವುದು ನಿಜ, ಆದರೆ ಕೆಸರಿನಲ್ಲಿ ಸಿಕ್ಕಿಕೊಂಡರೆ ತಳ್ಳುವವರು ಯಾರು?

ಹೆಚ್ಚಿನ ಗಾಡಿಗಳಲ್ಲಿ ಬೆಲ್ಟಿನ ಸಿವಿಟಿ ಗೇರ್ ಇರುತ್ತದೆ. ಗೇರ್ ಬದಲಿಸುವ ತಲೆನೋವಿಲ್ಲ, ಮುಂದಕ್ಕೆ ಹೋಗಲು ಹೈ ಮತ್ತು ಲೋ ಅಂತ ಎರಡು ಅಷ್ಟೇ. ನಿಧಾನಕ್ಕೆ ಹೋಗುವವರು ಲೋ ಬಳಸುವುದನ್ನು ಕಲಿಯಬೇಕು. ಕಲ್ಲುದಾರಿಯಲ್ಲಿ ಹೈನಲ್ಲಿ ತೆವಳುತ್ತಾ ಹೋದರೆ ಗಾಡಿ ಜರ್ಕ್ ಹೊಡೆಯುತ್ತದೆ, ಬೆಲ್ಟ್ ಜಾರಿ ಬಿಸಿಯಾಗಿ ಬೇಗ ಹಾಳಾಗುತ್ತದೆ. ಲೋ ಹಾಕಿದರೆ ಥ್ರಾಟಲ್ ಮೃದುವಾಗುತ್ತದೆ, ಗಾಡಿ ಹಿಡಿತದಲ್ಲಿ ಇರುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಇಂಜಿನ್ ಬ್ರೇಕಿಂಗ್. ಇಳಿಜಾರಿನಲ್ಲಿ ಥ್ರಾಟಲ್ ಬಿಟ್ಟಾಗ ಗಾಡಿ ತಾನೇ ತಡೆದುಕೊಂಡು ಇಳಿಯಬೇಕು. ಕೆಲವು ಸಿವಿಟಿ ಗಾಡಿಗಳಲ್ಲಿ ವೇಗ ತೀರಾ ಕಡಿಮೆಯಾದ ಕೂಡಲೇ ಬೆಲ್ಟಿನ ಹಿಡಿತ ಬಿಟ್ಟುಹೋಗಿ, ನ್ಯೂಟ್ರಲ್‌ಗೆ ಬಿದ್ದ ಹಾಗೆ ಗಾಡಿ ಉರುಳತೊಡಗುತ್ತದೆ. ಅನುಭವ ಇಲ್ಲದವರು ಆಗ ಗಾಬರಿಯಾಗಿ ಬ್ರೇಕ್ ಜೋರಾಗಿ ಹಿಡಿದು ಚಕ್ರ ಜಾರಿಸುತ್ತಾರೆ. ಯಮಹಾದ ಗ್ರಿಜ್ಲಿ ಈ ವಿಷಯದಲ್ಲಿ ಹೆಸರು ಮಾಡಿದೆ, ನಡಿಗೆಯ ವೇಗಕ್ಕೆ ಬಂದರೂ ಹಿಡಿತ ಬಿಡುವುದಿಲ್ಲ. ಪೊಲಾರಿಸ್ ಕೆಲವು ಮಾದರಿಗಳಲ್ಲಿ ಇದಕ್ಕಾಗಿಯೇ ಬೇರೆ ಏರ್ಪಾಡು ಕೊಡುತ್ತದೆ. ಯಾವ ಗಾಡಿಯೇ ಇರಲಿ, ಲೋ ಹಾಕಿ ಒಂದು ನಿಜವಾದ ಇಳಿಜಾರು ಇಳಿದು ನೋಡದೆ ಕೊಳ್ಳಬೇಡಿ. ಮಟ್ಟಸ ಮೈದಾನದಲ್ಲಿ ಎಲ್ಲ ಗಾಡಿಯೂ ಒಳ್ಳೆಯದೇ.

ಬಿಸಿಯನ್ನೂ ನೋಡಿ. ಹದಿನೈದು ನಿಮಿಷ ಓಡಿಸಿದ ಮೇಲೆ ಮೊಣಕಾಲಿನ ಒಳಭಾಗಕ್ಕೆ ಇಂಜಿನ್ ಬಿಸಿ ರಾಚುತ್ತಿದ್ದರೆ ಮೂರು ಗಂಟೆಯಲ್ಲಿ ಅದೇ ದೊಡ್ಡ ಹಿಂಸೆಯಾಗುತ್ತದೆ.

ಹಿಂದೆ ಯಾರನ್ನಾದರೂ ಕೂರಿಸುವುದಾದರೆ

ಎಟಿವಿಯ ಸೀಟು ಉದ್ದ ಇದೆ, ಇಬ್ಬರು ಕೂರಬಹುದು ಅಂತ ಬಹಳ ಮನೆಗಳಲ್ಲಿ ಅಂದುಕೊಂಡಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಉದ್ದ ಓಡಿಸುವವರು ಏರಿನಲ್ಲಿ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯಲಿ ಅಂತ ಕೊಟ್ಟದ್ದು. ಹಿಂದೆ ಒಬ್ಬರು ಕೂತರೆ ಆ ಜಾಗ ಹೋಯಿತು, ಭಾರ ಹಿಂದಿನ ಆಕ್ಸಲ್ ಮೇಲೆ ಬಿತ್ತು, ಏರಿನಲ್ಲಿ ಮುಂದಿನ ಚಕ್ರ ಮೇಲೇಳಲು ಅಷ್ಟೇ ಸಾಕು.

ಇಬ್ಬರಿಗಾಗಿಯೇ ಮಾಡಿದ ಗಾಡಿಗಳಿವೆ. ಕ್ಯಾನ್-ಆಮ್ ಔಟ್‌ಲ್ಯಾಂಡರ್ ಮ್ಯಾಕ್ಸ್, ಪೊಲಾರಿಸ್ ಸ್ಪೋರ್ಟ್ಸ್‌ಮನ್ ಟೂರಿಂಗ್ ಆ ಬಗೆಯವು. ಅವುಗಳ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ ಜಾಸ್ತಿ, ಹಿಂದೆ ಕೂರುವವರಿಗೆ ಒರಗು, ಹಿಡಿಕೆ, ಪಾದ ಇಡಲು ಬೇರೆ ಜಾಗ ಇರುತ್ತದೆ. ಒಬ್ಬರೇ ಓಡಿಸುವುದಾದರೂ ಇಂಥ ಗಾಡಿ ನೋಡಿ ಅಂತ ನಾನು ಹೇಳುತ್ತೇನೆ. ಚಕ್ರಗಳ ಅಂತರ ಉದ್ದ ಇದ್ದರೆ ಗುಂಡಿಗಳಲ್ಲಿ ಮುಂದೆ ಹಿಂದೆ ತೂಗಾಡುವುದು ಕಡಿಮೆ, ಏರು ಹತ್ತುವಾಗ ಹಿಂದಕ್ಕೆ ಮಗುಚುವ ಭಯವೂ ಕಡಿಮೆ. ಇಕ್ಕಟ್ಟಾದ ತಿರುವಿನಲ್ಲಿ ಮಾತ್ರ ಒಂದು ಸಲ ಹಿಂದೆ ಮುಂದೆ ಮಾಡಬೇಕಾಗುತ್ತದೆ. ಹಿಂದೆ ಕೂರುವವರಿಗೆ ಕನಿಷ್ಠ 12 ವರ್ಷ ಆಗಿರಬೇಕು ಅಂತ ಇಂಥ ಗಾಡಿಗಳ ಮೇಲೆ ಎಚ್ಚರಿಕೆ ಬರೆದಿರುತ್ತದೆ.

ಮಕ್ಕಳು ಓಡಿಸುವ ಮಾತು ಬಂದರೆ ಅವರಿಗೆ ಅವರ ಅಳತೆಯ ಗಾಡಿಯೇ ಬೇಕು. ದೊಡ್ಡ ಗಾಡಿಗಳ ಚೀಟಿಯಲ್ಲಿ 16 ವರ್ಷ ಅಂತ ಇರುತ್ತದೆ, ಮಕ್ಕಳ ಮಾದರಿಗಳನ್ನು 6, 10, 12 ವರ್ಷ ತುಂಬಿದವರಿಗೆ ಅಂತ ಬೇರೆ ಬೇರೆಯಾಗಿ ಮಾಡುತ್ತಾರೆ. ಮಗ ಎತ್ತರ ಬೆಳೆದಿದ್ದಾನೆ ಅಂತ ಇದನ್ನು ಮೀರಬೇಡಿ.

ಹಳೆಯ ಮೂರು ಚಕ್ರದ ಎಟಿವಿ ಅಗ್ಗಕ್ಕೆ ಸಿಕ್ಕರೆ ಬೇಡವೇ ಬೇಡ. ಅವು ತಿರುವಿನಲ್ಲಿ ಮಗುಚುತ್ತವೆ ಅನ್ನುವ ದೂರು ಎಷ್ಟು ದೊಡ್ಡದಾಯಿತು ಅಂದರೆ, ಅಮೆರಿಕದಲ್ಲಿ 1988ರ ಹೊತ್ತಿಗೆ ಕಂಪನಿಗಳು ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಹೊಸದನ್ನು ಮಾರುವುದನ್ನೇ ನಿಲ್ಲಿಸಿದವು. ಇನ್ನು ಬೆನ್ನು ಅಥವಾ ಮೊಣಕಾಲು ನಿಜಕ್ಕೂ ತೊಂದರೆಯಲ್ಲಿರುವವರು, ಕಾರಿನ ಹಾಗೆ ಸೀಟು, ಬೆಲ್ಟು, ಸ್ಟೀರಿಂಗ್ ಚಕ್ರ ಇರುವ ಸೈಡ್-ಬೈ-ಸೈಡ್ ಗಾಡಿಯನ್ನೂ ಒಮ್ಮೆ ನೋಡಿ. ಎಟಿವಿ ಮೈಯೆಲ್ಲ ಬಳಸಿ ಓಡಿಸುವ ಗಾಡಿ, ಮೈ ಒಪ್ಪದಿದ್ದರೆ ಒತ್ತಾಯ ಬೇಡ.

ಗಾಡಿ ಬದಲಿಸುವ ಮುಂಚೆ ಟೈರ್ ನೋಡಿ

ಇದನ್ನು ನಾನು ತಡವಾಗಿ ಕಲಿತೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಆ ಮೊದಲ ಗಾಡಿಯನ್ನು ಮಾರಬೇಕು ಅಂತ ಹೊರಟಿದ್ದಾಗ ಸ್ನೇಹಿತರೊಬ್ಬರು ಬಂದು ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಒಂದಿಷ್ಟೂ ಒಳಗೆ ಹೋಗಲಿಲ್ಲ. ಜೇಬಿನಿಂದ ಒಂದು ಪುಟ್ಟ ಗೇಜ್ ತೆಗೆದು ಹಿಡಿದರು. 15 ಪಿಎಸ್‌ಐ ಗಾಳಿ! ಮಾರಿದ ಅಂಗಡಿಯವರು ಪ್ಯಾಕಿಂಗ್‌ನಿಂದ ತೆಗೆದು ಜೋಡಿಸಿದಾಗ ತುಂಬಿದ ಗಾಳಿಯನ್ನು ಇಳಿಸಿಯೇ ಇರಲಿಲ್ಲ. ಎಟಿವಿ ಟೈರಿಗೆ ಸಾಮಾನ್ಯವಾಗಿ ಬೇಕಾದದ್ದು 5ರಿಂದ 7 ಪಿಎಸ್‌ಐ, ಸರಿಯಾದ ಅಂಕಿ ಗಾಡಿಯ ಮೇಲಿನ ಚೀಟಿಯಲ್ಲಿ ಇರುತ್ತದೆ. ವಾಲ್ವ್ ಒತ್ತಿ ಗಾಳಿ ಇಳಿಸುತ್ತಾ ಹೋದಂತೆ ಟೈರಿನ ಹೊಟ್ಟೆ ಸ್ವಲ್ಪ ಹೊರಗೆ ಉಬ್ಬಿತು. ಅದೇ ದಾರಿಯಲ್ಲಿ ಮತ್ತೆ ಹೋದೆವು. ಬೇರುಗಳ ಮೇಲೆ ಕಟಕಟ ಅನ್ನುತ್ತಿದ್ದ ಗಾಡಿ ಈಗ ಅವುಗಳನ್ನು ಒತ್ತಿಕೊಂಡು ದಾಟುತ್ತಿತ್ತು.

ಕಾರಿನ ಗೇಜ್ ಈ ಕೆಲಸಕ್ಕೆ ಬರುವುದಿಲ್ಲ, ಅಷ್ಟು ಕಡಿಮೆ ಒತ್ತಡವನ್ನು ಅದು ಸರಿಯಾಗಿ ತೋರಿಸುವುದಿಲ್ಲ. ಕಡಿಮೆ ಒತ್ತಡ ಅಳೆಯುವುದನ್ನೇ ಕೊಳ್ಳಿ. ಹಾಗಂತ ಚೀಟಿಯಲ್ಲಿ ಇರುವುದಕ್ಕಿಂತ ಇಳಿಸಬೇಡಿ. ತಿರುವಿನಲ್ಲಿ ಟೈರ್ ಮಡಚಿಕೊಳ್ಳುತ್ತದೆ, ರಿಮ್ ಕಲ್ಲಿಗೆ ಬಡಿಯುತ್ತದೆ. ಹೊಸ ಟೈರ್ ಹಾಕಿಸುವುದಿದ್ದರೆ ರೇಡಿಯಲ್ ಕೇಳಿ, ಅದರ ಪಕ್ಕದ ಗೋಡೆ ಮೆತ್ತಗೆ ಬಾಗುತ್ತದೆ. ಪಂಕ್ಚರ್ ಆಗದಿರಲಿ ಅಂತ ತೀರಾ ದಪ್ಪ ಪದರದ್ದು ಹಾಕಿದರೆ ಕುಲುಕಾಟ ಜಾಸ್ತಿ.

ಹಳೆಯ ಗಾಡಿಯಾದರೆ ಇನ್ನೊಂದು ಕೆಲಸ. ಪ್ರತಿ ಚಕ್ರದ ಮೇಲೂ ಕೆಳಗೂ ಕೈಯಿಟ್ಟು ಅಲುಗಾಡಿಸಿ. ಟಕ್ ಟಕ್ ಅಂದರೆ ಬಾಲ್ ಜಾಯಿಂಟ್, ಬುಷ್ ಅಥವಾ ಬೇರಿಂಗ್ ಹೋಗಿದೆ. ಶಾಕ್ ಮೇಲೆ ಎಣ್ಣೆ ಪಸೆ ಇದ್ದರೆ ಸೀಲ್ ಹೋಗಿದೆ. ಶಾಫ್ಟಿನ ರಬ್ಬರ್ ಬೂಟು ಹರಿದಿದ್ದರೆ ಒಳಗೆ ಮಣ್ಣು ಸೇರಿರುತ್ತದೆ. ಕೀ ತಿರುಗಿಸಿ ಇಂಜಿನ್ ಸ್ಟಾರ್ಟ್ ಮಾಡಿದ ಮೇಲೆ ಪವರ್ ಸ್ಟೀರಿಂಗ್ ಎಚ್ಚರಿಕೆ ದೀಪ ಆರುತ್ತದೆಯೇ ನೋಡಿ.

ಓಡಿಸಿ ನೋಡುವಾಗ ವೇಗ ಬೇಡ. ಲೋ ಹಾಕಿ ನಡಿಗೆಯ ವೇಗದಲ್ಲಿ ಎಂಟರ ಆಕಾರದಲ್ಲಿ ಸುತ್ತಿ. ಒಂದು ಕಡೆಯ ಚಕ್ರವನ್ನಷ್ಟೇ ಕಲ್ಲು ಹತ್ತಿಸಿ ಇಳಿಸಿ. ಸಣ್ಣ ಏರಿನಲ್ಲಿ ಅರ್ಧಕ್ಕೆ ನಿಲ್ಲಿಸಿ, ಮತ್ತೆ ಹೊರಡಿ. ಹಿಂದಕ್ಕೆ ಓಡಿಸಿ. ಅರ್ಧ ಗಂಟೆಯಾದ ಮೇಲೆ ನಿಲ್ಲಿಸಿ ಕೈ ಬಿಡಿಸಿ ನೋಡಿ. ಬೆರಳು ಸಲೀಸಾಗಿ ಬಿಚ್ಚಿಕೊಂಡರೆ ಆ ಗಾಡಿಯ ಮೇಲೆ ನಂಬಿಕೆ ಬಂದಿದೆ ಅಂತ ಅರ್ಥ.

ಕೊಂಡು ತಂದ ಮೇಲೆ ಸ್ಪ್ರಿಂಗ್ ಹೊಂದಿಸುವುದನ್ನು ಮರೆಯಬೇಡಿ. ಬಹಳಷ್ಟು ಗಾಡಿಗಳಲ್ಲಿ ಶಾಕ್‌ನ ಸ್ಪ್ರಿಂಗ್ ತುದಿಯಲ್ಲಿ ಮೆಟ್ಟಿಲಿನಂಥ ಕಚ್ಚುಗಳಿರುವ ಒಂದು ಬಳೆ ಇರುತ್ತದೆ, ಅದನ್ನು ತಿರುಗಿಸುವ ಕೊಕ್ಕೆ ಸ್ಪ್ಯಾನರ್ ಸಾಮಾನ್ಯವಾಗಿ ಟೂಲ್ ಕಿಟ್‌ನಲ್ಲೇ ಸಿಗುತ್ತದೆ. 55 ಕಿಲೋ ತೂಕದವರಿಗೆ ಬಿಗಿ ಕಚ್ಚಿನಲ್ಲಿ ಇಟ್ಟರೆ ಸ್ಪ್ರಿಂಗ್ ಕುಸಿಯುವುದೇ ಇಲ್ಲ. ಅತಿ ಮೆತ್ತನೆಯ ಕಚ್ಚಿನಿಂದ ಶುರು ಮಾಡಿ, ನಾಲ್ಕೂ ಕಡೆ ಗಮನಿಸಿ, ಎಡ ಬಲ ಒಂದೇ ಸಮ ಇರಲಿ. ಒಂದು ಗಂಟೆ ಓಡಿಸಿ ಬಂದು, ತಳ ಬಡಿಯುತ್ತಿದ್ದರೆ ಮಾತ್ರ ಒಂದು ಕಚ್ಚು ಏರಿಸಿ. ನಮ್ಮ ಗಾಡಿ ಎರಡನೇ ಕಚ್ಚಿನಲ್ಲಿ ನಿಂತಿದೆ. ಹಿಂದೆ ಸಾಮಾನು ಕಟ್ಟಿದ ದಿನ ಮಾತ್ರ ಹಿಂದಿನ ಎರಡನ್ನು ಮೂರಕ್ಕೆ ಏರಿಸುತ್ತೇವೆ, ಸ್ಪ್ಯಾನರ್ ಹಿಡಿಯುವುದು ಈಗ ಅವಳೇ.